ಮೂರು ತೊಟ್ಟಿಯ ಸೋಡಾ ಕಾರ್ಖಾನೆ

ಉಪದೇಶ ಮಾಡುವುದರಲ್ಲಿರುವ ಸುಖ ಊಟ ಮಾಡುವುದರಲ್ಲೂ ಇಲ್ಲ. ಅದರಲ್ಲೂ ಉಪಾಯ ಹೆಂಡತಿಯದಾಗಿ ಉಪದೇಶ ನಮ್ಮದಾದರೆ ಕೇಳುವುದೇ ಬೇಡ. ಯುದ್ಧದ ಕಾಲದಲ್ಲಿ ಮಾಲೂರು ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಸೋಡಾ ಕಾರ್ಖಾನೆ ಇತ್ತು. ಕಾರ್ಖಾನೆ ಅಂದ ಕೂಡಲೇ ಗಾಬರಿಯಾಗಬೇಡಿ. ಕೈಯಲ್ಲಿ ತಿರುಗಿಸುವ ಒಂದು ಯಂತ್ರ, ಒಂದಷ್ಟು ಗೋಲಿ ಸೀಸೆ, ಹಿತ್ತಲಲ್ಲೊಂದು ಬಾವಿ, ಅಷ್ಟೇ. ಆ ಬೇಸಿಗೆಯಲ್ಲಿ ಬಾವಿಯ ತಳ ಕಾಣಿಸತೊಡಗಿತು. ನಾನೋ, ಹೋಳೂರಿನ ಪಟೇಲರ ಮಗಳ ಮದುವೆಗೆ ಇಪ್ಪತ್ತು ಡಜನ್ ಸೋಡಾ ಒಪ್ಪಿಕೊಂಡುಬಿಟ್ಟಿದ್ದೆ. ಮಾತು ತಪ್ಪಿದರೆ ಆಮೇಲೆ ಸುತ್ತಮುತ್ತ ಯಾರೂ ಮದುವೆಗೆ ನನ್ನ ಸೋಡಾ ಕೇಳುತ್ತಿರಲಿಲ್ಲ.

ನನ್ನ ಹೆಂಡತಿ ಸುಬ್ಬಮ್ಮ ನಾನು ಸೀಸೆ ತೊಳೆಯುವುದನ್ನು ಒಂದು ಗಳಿಗೆ ನೋಡಿ, "ಏನೂಂದ್ರೆ, ಸೋಡಾಗಿಂತ ಸೀಸೆ ತೊಳೆಯೋಕೇ ಜಾಸ್ತಿ ನೀರು ಸುರೀತಿದೀರಲ್ರೀ!" ಎಂದಳು. ಸೀಸೆ ಮೊದಲನೆಯದರಿಂದ ಕೊನೆಯದರವರೆಗೆ ಒಂದೊಂದರಲ್ಲೂ ಮುಳುಗಿ ಬರುವಂತೆ ಸಾಲಾಗಿ ಮೂರು ತೊಟ್ಟಿ ಇಡಿಸಿದಳು. ಕೊನೆಯ ತೊಟ್ಟಿಗೆ ಮಾತ್ರ ಹೊಸ ನೀರು. ಅದು ಕದಡಿದರೆ ನಡುವಿನದಕ್ಕೆ, ಅಲ್ಲಿಂದ ಮೊದಲನೆಯದಕ್ಕೆ, ಅಲ್ಲಿಂದ ಬದನೆ ಗಿಡಕ್ಕೆ. ಬಾವಿಯ ನೀರು ಹೇಗೋ ಇಪ್ಪತ್ತು ಡಜನ್ನಿಗೆ ಸಾಲುವಂತಾಯಿತು. ನನಗಾದ ಸಂತೋಷ ಹೇಳತೀರದು.

ಸಂತೋಷವನ್ನು ಒಳಗೇ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ. ರೈಲಿಳಿದು ಬಂದವರನ್ನೆಲ್ಲ ಹಿತ್ತಲಿಗೆ ಕರೆದೊಯ್ದು ತೊಟ್ಟಿ ತೋರಿಸಿ, "ಒಂದು ಹನೀನೂ ಪೋಲಾಗಬಾರದು ಸ್ವಾಮೀ" ಎಂದು ಉಪನ್ಯಾಸ ಬಿಗಿದೆ. ಕೇಳಿದವರನ್ನು ಹಾಗೇ ಕಳಿಸಲಾದೀತೇ? ತಲೆಗೊಂದು ಸೋಡಾ ಒಡೆದೆ. ಮುಳಬಾಗಿಲಿನ ಪುರೋಹಿತರೊಬ್ಬರು ಎರಡು ಕುಡಿದು, ಜೋರಾಗಿ ತೇಗಿ, "ಭಲೇ ಬುರ್ರ ಅಯ್ಯಾ ಮೀದಿ!" ಎಂದು ತೆಲುಗಿನಲ್ಲೇ ನನ್ನ ತಲೆಯನ್ನು ಹೊಗಳಿದರು. ತಲೆ ಯಾರದೆಂದು ನಾನು ಬಾಯಿಬಿಡಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಗಾಡಿ ಬಂದು ನಿಂತಿತು. ಎಣಿಸಿದರೆ ಎರಡು ಡಜನ್ ಕಮ್ಮಿ! ಉಪನ್ಯಾಸ ಕುಡಿದುಬಿಟ್ಟಿತ್ತು. ಬಾವಿಗೆ ಕೊಡ ಬಿಟ್ಟರೆ ಬರೀ ಕೆಸರು.

"ಅಯ್ಯೋ, ಮಾನ ಹೋಯ್ತಲ್ಲೇ!" ಎಂದು ತಲೆಮೇಲೆ ಕೈಹೊತ್ತು ಕೂತೆ.

"ಹಂಡೇಲಿ ನಿನ್ನೆ ಸೇದಿಟ್ಟ ನೀರಿದೆ. ನಮ್ಮೆಲ್ಲರ ಸ್ನಾನ ಆಯ್ತು, ನಿಮ್ಮದೊಂದೇ ಬಾಕಿ" ಎಂದು ಸುಬ್ಬಮ್ಮ ಸೋಸುವ ಬಟ್ಟೆ ಹಿಡಿದು ನಿಂತಳು. ಅವಳ ಮುಖದಲ್ಲಿ ನಗು ಉಕ್ಕುತ್ತಿತ್ತು.

ಮದುವೆ ಮನೆಯಲ್ಲಿ ನನ್ನ ಸೋಡಾಗೆ ಶಹಬ್ಬಾಸ್‌ಗಿರಿಯೋ ಶಹಬ್ಬಾಸ್‌ಗಿರಿ. ಪಟೇಲರು ಚಪ್ಪರದಿಂದಲೇ, "ಬನ್ರೀ, ಆ ನೀರು ಉಳಿಸೋ ವಿದ್ಯೆ ನಾಲ್ಕು ಜನಕ್ಕೆ ಹೇಳ್ರೀ!" ಎಂದು ಕೂಗಿದರು. ಸ್ನಾನವಿಲ್ಲದವನು ನಾಲ್ಕು ಜನರ ನಡುವೆ ಹೋಗುವುದು ಹೇಗೆ? ಗಾಡಿಯ ಎತ್ತುಗಳ ಪಕ್ಕದಲ್ಲೇ ಕೂತು, ಜನ್ಮದಲ್ಲಿ ನಾನೇ ಸ್ವತಃ ಉಳಿಸಿದ ಒಂದೇ ಒಂದು ಹಂಡೆ ನೀರನ್ನು ಬೀಗರು ಚಪ್ಪರಿಸುವುದನ್ನು ದೂರದಿಂದ ನೋಡಿದೆ.