ಅಪ್ಪನ ಕಡೆಯ ಖಾನೆ

ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಎಂದು ಗೊತ್ತಾಗದೆ ನಿಂತುಬಿಡುವುದು ಎಲ್ಲರಿಗೂ ಆಗುವಂಥದ್ದೇ. ಉಳಿದವರು ನಕ್ಕು ಹಿಂದೆ ಬರುತ್ತಾರೆ. ನಾನು ಅಲ್ಲೇ ನಿಂತು ಬೆವರುತ್ತೇನೆ. ನನ್ನ ಅಪ್ಪ ಕೊನೆಗಾಲದಲ್ಲಿ ಎಲ್ಲವನ್ನೂ ಮರೆತಿದ್ದರು. ಊಟ ಬಡಿಸಿದ ನನ್ನನ್ನೇ, "ನೀವು ಯಾರ ಪೈಕಿ? ನಾರಾವಿಯ ಬಸ್ಸು ಹೋಯ್ತಾ?" ಎಂದು ಕೇಳುತ್ತಿದ್ದರು. ನಾರಾವಿ ಅವರು ಹುಟ್ಟಿದೂರು. ನಾಳೆ ನನಗೂ ಹೀಗೇ ಆದರೆ ಎಂಬ ಹೆದರಿಕೆಗೆ ನಾನೇ ಒಂದು ಮದ್ದು ಕಂಡುಕೊಂಡಿದ್ದೆ. ನಾವು ಅಳಿಯಸಂತಾನದವರು. ಮನೆ, ಗದ್ದೆ, ಮನೆತನದ ಹೆಸರು ಎಲ್ಲವೂ ತಾಯಿಯ ಕಡೆಯಿಂದ, ಸೋದರಮಾವನಿಂದ ಅಳಿಯನಿಗೆ. ಬಂಟ್ವಾಳದ ನನ್ನ ಮಾವನಿಗೆ ಎಂಬತ್ತು ದಾಟಿದರೂ ಯಾರ ಮದುವೆಯಲ್ಲಿ ಯಾರು ಊಟ ಮಾಡದೆ ಎದ್ದು ಹೋದರೆಂಬುದು ಬಾಯಿಪಾಠ. ಹಾಗಾಗಿ ಮರೆವು ಅಪ್ಪನ ಮನೆಯವರ ಆಸ್ತಿ, ಅದರಲ್ಲಿ ನನಗೆ ಹಕ್ಕಿಲ್ಲ ಎಂದು ನಿಶ್ಚಿಂತನಾಗಿದ್ದೆ. ಇಷ್ಟು ತರ್ಕ ಮಾಡಿದವನು ಮೂಡುಬಿದಿರೆಯ ಹೈಸ್ಕೂಲೊಂದರ ವಿಜ್ಞಾನದ ಮೇಷ್ಟ್ರು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತಂದೆ ತಾಯಿ ಇಬ್ಬರ ಗುಣವೂ ಸಂತಾನಕ್ಕೆ ಬರುತ್ತದೆಂಬ ಬಟಾಣಿ ಗಿಡದ ಪಾಠವನ್ನು ವರ್ಷ ವರ್ಷವೂ ಮಾಡಿದ್ದೆ. ಅದೆಲ್ಲ ಬಟಾಣಿಗೆ ಮಾತ್ರ ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ ಬೆಂಗಳೂರಿನಿಂದ ಡಾಕ್ಟರಮ್ಮ ಒಬ್ಬರು ಬಂದರು. ಒಂದೇ ಮನೆಯಲ್ಲಿ ಕೆಲವು ಮುದುಕರಿಗೆ ಮರೆವು ಬಂದರೆ ಇನ್ನು ಕೆಲವರ ತಲೆ ಗಟ್ಟಿಯಾಗಿರುತ್ತದಲ್ಲ, ಅದರಲ್ಲಿ ರಕ್ತದ ಪಾಲೆಷ್ಟು, ಬದುಕುವ ರೀತಿಯ ಪಾಲೆಷ್ಟು ಎಂಬುದು ಅವರ ಸಂಶೋಧನೆ. ಬೇಸಗೆ ರಜೆಯಲ್ಲಿ ಫಾರಂ ತುಂಬಿಸಲು ಮೇಷ್ಟ್ರುಗಳು ಬೇಕಿತ್ತು. ನಾನು ಮೊದಲು ಕೈಯೆತ್ತಿದೆ. ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ, ನನ್ನ ಮದ್ದಿಗೊಂದು ಲಿಖಿತ ಪುರಾವೆ ಸಿಗಲಿ ಎಂದು. ಬಂಟ್ವಾಳ, ಬೆಳ್ತಂಗಡಿಯೆಲ್ಲ ಸುತ್ತಿದೆ. ಫಾರಮಿನ ಕೊನೆಗೆ 'ತಂದೆಯ ಕಡೆಯವರು' ಎಂಬ ಖಾನೆ. ಅಲ್ಲಿಗೆ ನಮ್ಮ ಹಿರಿಯರು ಸಲೀಸಾಗಿ ಮಾವಂದಿರ ಹೆಸರು ಹೇಳಿದರು, ನಾನೂ ಅಷ್ಟೇ ಸಲೀಸಾಗಿ ಬರೆದೆ. ಬಂಟ್ವಾಳದ ಜವಳಿ ಅಂಗಡಿಯ ಬ್ಯಾರಿ ಮುಸಲ್ಮಾನ ಹಿರಿಯರೊಬ್ಬರು ಮಾತ್ರ ಅಪ್ಪನ ಅಜ್ಜನವರೆಗೆ ಹೇಳಿ, "ಇನ್ನೂ ಉಂಟು ಮಾಷ್ಟ್ರೆ, ಬರೆಯಲಿಕ್ಕೆ ಜಾಗ ಉಂಟಾ?" ಎಂದಿದ್ದರು.

ಅದೊಂದೇ ಫಾರಂ ಸರಿಯಾಗಿತ್ತು. ಡಾಕ್ಟರಮ್ಮ ಉಳಿದದ್ದನ್ನೆಲ್ಲ ಮೇಜಿನ ಮೇಲೆ ಹರಡಿ, "ಮೇಷ್ಟ್ರೇ, ನಿಮ್ಮ ಕಡೆ ಯಾರಿಗೂ ಅಪ್ಪನೇ ಇಲ್ವಾ?" ಎಂದರು.

"ಇದ್ದಾರೆ ಮೇಡಂ. ಆದರೆ ನಮ್ಮಲ್ಲಿ ಎಲ್ಲ ಮಾವನಿಂದ ಬರುವುದು."

"ಗದ್ದೆ ಬರಬಹುದು. ಜೀನ್ಸ್ ಅರ್ಧ ಅಪ್ಪಂದೇ. ಹಾಗಂತ ಕಾಯಿಲೆ ಬಂದೇ ಬರುತ್ತೆ ಅಂತೇನಿಲ್ಲ, ಕೆಲವರು ತಡ್ಕೋತಾರೆ. ಎಲ್ಲ ಮತ್ತೆ ಬರೀರಿ. ನಿಮ್ಮದರಿಂದಲೇ ಶುರು ಮಾಡಿ, ನೋಡ್ತೀನಿ."

ಹೀಗೆ ನನ್ನ ಮದ್ದು ನೀರುಪಾಲಾಗಿ, ನಾನು ನಾರಾವಿಯ ಬಸ್ಸು ಹತ್ತಿದೆ. ಅಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ, ಮಗಳು ಮೊಮ್ಮಕ್ಕಳ ಜೊತೆ ಇದ್ದರು. ನಾನು ಆ ಮನೆಯ ಮೆಟ್ಟಿಲು ಹತ್ತದೆ ಹದಿನೈದು ವರ್ಷವಾಗಿತ್ತು. ಅತ್ತೆ ಜಗಲಿಯಲ್ಲಿ ಹಪ್ಪಳ ಒತ್ತುತ್ತಿದ್ದರು. ಇವತ್ತು ತಾರೀಕು ಎಷ್ಟು ಎಂದು ಫಾರಮಿನ ಮೊದಲ ಪ್ರಶ್ನೆ ಕೇಳಿದೆ. "ಪಗ್ಗು ಹನ್ನೆರಡು" ಎಂದು ತುಳು ತಿಂಗಳಲ್ಲಿ ಹೇಳಿದರು. ಸರಿಯೋ ತಪ್ಪೋ ತಿಳಿಯಲು ನಾನೇ ಎದ್ದು ಗೋಡೆಯ ಕ್ಯಾಲೆಂಡರ್ ನೋಡಬೇಕಾಯಿತು. ಸರಿಯಿತ್ತು. ಮನೆಯಲ್ಲಿ ಬೇರೆ ಯಾರಿಗಾದರೂ ಮರೆವು ಇತ್ತೇ ಎಂದು ಕೇಳಿದೆ.

"ನಮ್ಮ ಅಮ್ಮನಿಗೂ ಇತ್ತು. ನಿನ್ನ ಅಪ್ಪನಿಗೂ ಬಂತು. ಆದರೆ ಅವನು ಎಲ್ಲ ಮರೆತರೂ ಈ ಮನೆ ಮರೆಯಲಿಲ್ಲ. ನೀನು ತಲೆ ಸರಿ ಇರುವಾಗಲೇ ಮರೆತಿ."

ನನಗೆ ನಾಚಿಕೆಯಾಯಿತು. ಮಾತು ತಪ್ಪಿಸಲು, ನಿಮ್ಮ ತಲೆ ಇಷ್ಟು ಗಟ್ಟಿ ಇರಲು ಏನು ಮಾಡುತ್ತೀರಿ ಎಂದು ಮುಂದಿನ ಖಾನೆಗೆ ಹೋದೆ.

"ಎಂಥದ್ದೂ ಇಲ್ಲ ಮಾರಾಯ. ಬೆಳಿಗ್ಗೆ ಎದ್ದು ನಮ್ಮವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತೇನೆ. ಬಂದು ಹೋಗುವವರದು ಬೇಗ ಮುಗಿಯುತ್ತದೆ. ಬಾರದವರು ಎಲ್ಲಿದ್ದಾರೆ, ಎಷ್ಟು ದಪ್ಪ ಆಗಿರಬಹುದು, ಮಕ್ಕಳು ಎಷ್ಟನೇ ಕ್ಲಾಸು ಎಂದು ಯೋಚಿಸಬೇಕಲ್ಲ? ನಿನಗೇ ತುಂಬ ಹೊತ್ತು ಬೇಕು."

ಅದನ್ನು ಹಾಗೆಯೇ ಬರೆದುಕೊಂಡೆ. ಹದಿನೈದು ವರ್ಷ ಅತ್ತ ತಲೆ ಹಾಕದೆ ನಾನೂ ಅತ್ತೆಯ ನೆನಪಿನ ಶಕ್ತಿಗೆ ಸಾಕಷ್ಟು ದುಡಿದಿದ್ದೇನೆ ಎಂದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಾನೂ ಆ ವ್ಯಾಯಾಮ ಶುರು ಮಾಡಿದೆ. ಆಗಷ್ಟೇ ನನಗೆ ಚಹಾ ತಂದುಕೊಟ್ಟ ಅತ್ತೆಯ ಮೊಮ್ಮಗಳಿಂದಲೇ ಆಗಲಿ ಎಂದು ನೋಡಿದರೆ ಹೆಸರು ಹೊಳೆಯಲೇ ಇಲ್ಲ. ದಾರಿಯುದ್ದಕ್ಕೂ ಬೆವರಿದೆ. ಮೂಡುಬಿದಿರೆಯಲ್ಲಿ ಇಳಿಯುವಾಗ ಗೊತ್ತಾಯಿತು, ಅದು ಅಪ್ಪನಿಂದ ಬಂದದ್ದಲ್ಲ. ಆ ಹುಡುಗಿಯ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.