ಹೊಟ್ಟೆ, ಮಗ್ಗ ಮತ್ತು ಎರಡೇ ರೊಟ್ಟಿ

ಐವತ್ತೈದು ದಾಟಿದ ಗಂಡಸಿಗೆ ಹೊಟ್ಟೆ ಇಲ್ಲದಿದ್ದರೆ ನಮ್ಮ ಇಳಕಲ್ಲಿನ ಓಣಿಯಲ್ಲಿ ಮರ್ಯಾದೆ ಇರಲಿಲ್ಲ. ಎಪ್ಪತ್ತರ ದಶಕದ ಮಾತಿದು. ತೆಳ್ಳಗಿದ್ದವರನ್ನು ಕಂಡರೆ, "ಯಾಕ್ರಿ, ಸೊಸಿ ಉಣ್ಣಾಕ ಹಾಕೂದಿಲ್ಲೇನು?" ಎಂದು ಹಿರಿಯರು ಕನಿಕರಪಡುತ್ತಿದ್ದರು. ಸಂಜೆ ನಮ್ಮ ಕಟ್ಟೆಯ ಮೇಲೆ ಆರು ಜನ ಕೂಡುವ ಜಾಗದಲ್ಲಿ ನಾವು ನಾಲ್ವರು ಗೆಳೆಯರು ಕೂಡುತ್ತಿದ್ದೆವು. ಯಾರೂ ಯಾರಿಗೂ ಕನಿಕರಪಡುವ ಪ್ರಮೇಯವೇ ಬರಲಿಲ್ಲ. ನಾನಂತೂ ಮಗ್ಗವನ್ನು ನೇಕಾರರಿಗೆ ಬಿಟ್ಟು, ಸೀರೆ ಅಂಗಡಿಯ ಗಾದಿ ಏರಿ ಹತ್ತು ವರ್ಷವಾಗಿತ್ತು.

ಮಗಳ ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಯಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ? ಬೀಗರ ಎದುರಿಗೇ, "ಬಸುರಿಗೆ ಉಡಿಸೋ ಹಸರ ಸೀರಿ ನಾನ ಕೈಯಾರೆ ನೇಯ್ತೇನಿ" ಎಂದುಬಿಟ್ಟೆ. ಮರುದಿನ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಬಟ್ಟೆ ಸುತ್ತುವ ಮರದ ದಿಂಡು ಸರಿಯಾಗಿ ಹೊಟ್ಟೆಗೆ ಬಂದು ತಾಗಿತು. ಹಿಂದೆ ಸರಿದರೆ ಕೈಗೆ ಲಾಳಿ ಎಟುಕದು, ಮುಂದೆ ಸರಿದರೆ ಉಸಿರಾಡದು.

ದವಾಖಾನೆಯ ಡಾಕ್ಟರು ನನ್ನ ಗೋಳು ಕೇಳಿ, "ಹೊತ್ತಿಗೆ ಎರಡ ರೊಟ್ಟಿ ರೀ. ಮೂರನೇದ್ದು ಮುಟ್ಟಬ್ಯಾಡ್ರಿ" ಎಂದರು. ನನ್ನ ಹೆಂಡತಿ ನೀಲವ್ವ ಡಾಕ್ಟರ ಮಾತು ಮೀರುವವಳಲ್ಲ. ಅಂದಿನಿಂದ ಎರಡೇ ರೊಟ್ಟಿ ಬಡಿದಳು. ಒಂದೊಂದೂ ತಾಟು ದಾಟಿ ಆಚೆ ಚಾಚಿರುತ್ತಿತ್ತು. ಎಣಿಕೆ ಸರಿಯಿತ್ತಾದ್ದರಿಂದ ನಾನೂ ತಕರಾರು ಮಾಡಲಿಲ್ಲ.

ಹೀಗೆ ಉಸಿರು ಬಿಗಿಹಿಡಿದು ಅರ್ಧ ಸೀರೆ ಮುಗಿಸಿದೆ. ಆದರೆ ನೇಯ್ದಷ್ಟೂ ದಿಂಡು ದಪ್ಪವಾಗುತ್ತದೆ, ಇತ್ತ ನಾನು ಇಳಿಯಲೊಲ್ಲೆ. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತವನು ಏಳಲಾಗದೆ ಸಿಕ್ಕಿಕೊಂಡೆ. ನೀಲವ್ವ, ಇಬ್ಬರು ನೇಕಾರರು ಸೇರಿ ಎಳೆದು ತೆಗೆದರು. ಕುಬಸಕ್ಕೆ ಇನ್ನು ಆರೇ ದಿನ. "ನೀವು ಲಾಳಿಗೆ ಹಾಕೋ ನೂಲಿನ ಕಂಡಿಕಿ ಸುತ್ತಿಕೊಡ್ರಿ ಸಾಕು, ಉಳದದ್ದು ನಾ ನೇಯ್ತೇನಿ" ಎಂದು ಆಕೆ ಕುಣಿಗಿಳಿದಳು. ನನಗೆ ನಾಚಿಕೆಯಾಯಿತು, ಖರೆ. ಆದರೆ ಹೋದ ಉಸಿರೂ ಬಂತು.

ಕುಬಸದ ದಿನ ಸೀರೆ ಉಟ್ಟ ಮಗಳನ್ನು ಕಂಡು ಕಣ್ಣು ತುಂಬಿತು. ಬೀಗರು ನನ್ನ ಕೈಗುಣ ಹೊಗಳಿದರು. ನಾನು ವಿನಯದಿಂದ ತಲೆಬಾಗಿಸಿದೆ. ನೀಲವ್ವ ಹೋಳಿಗೆ ಬಡಿಸುತ್ತ ಮುಂದೆ ಹೋದಳು. ಆದರೆ ಮಗಳು ನೇಕಾರರ ಮನೆಯಲ್ಲಿ ಬೆಳೆದವಳು. ಸೀರೆಯ ಮೇಲೆ ಬೆರಳಾಡಿಸಿ, "ಇಲ್ಲೀತನಕ ಅಪ್ಪನ ಕೈ, ಇಲ್ಲಿಂದ ಅವ್ವನ ಕೈ" ಎಂದುಬಿಟ್ಟಳು. ಎಲ್ಲರೂ ನನ್ನತ್ತ ತಿರುಗಿದರು. ನಾನು ಹೊಟ್ಟೆಯ ಕಡೆ ಕೈ ತೋರಿಸಿದೆ.

ಮಗಳು ತನ್ನ ಏಳು ತಿಂಗಳ ಹೊಟ್ಟೆಯ ಮೇಲೆ ಸೆರಗು ಸರಿಮಾಡಿಕೊಂಡು ಕೇಳಿದಳು, "ನಂದು ಇನ್ನೆರಡು ತಿಂಗಳಿಗೆ ಇಳೀತೈತಿ. ನಿಂದ ಯಾವಾಗಪಾ?"

ನನ್ನ ಬಾಯಲ್ಲಿ ನಾಲ್ಕನೇ ಹೋಳಿಗೆ ಇತ್ತು. ಡಾಕ್ಟರು ಬೇಡವೆಂದದ್ದು ಮೂರನೇ ರೊಟ್ಟಿಯನ್ನಷ್ಟೇ.