ನಮ್ಮನೆ ಕಾರಿಗೆ ಚಳಿಗಾಲದ ಟೈರು ಹಾಕಿಸಿದ್ದು

ಬೇರೆಯವರ ಮನೇಲಿ ಟೈರು ಕೊಂಡರೆ ಮನೆಗೆ ಟೈರು ಬರುತ್ತೆ, ಅಷ್ಟೆ. ನಮ್ಮನೇಲಿ ಚಪ್ಪಲಿ ಕೊಂಡರೂ ಮೊದಲು ಸಭೆ ಸೇರುತ್ತೆ, ಆಮೇಲೆ ಜಗಳ ಆಗುತ್ತೆ, ಕೊನೆಗೆ ನಾಲ್ಕು ಜನರ ಮುಂದೆ ಹೇಳೋ ಕಥೆ ಆಗುತ್ತೆ. ಮದುವೆಯಾದಾಗಿನಿಂದ ನೋಡ್ತಿದ್ದೀನಿ, ಒಂದು ಸಲವೂ ತಪ್ಪಿಲ್ಲ.

ನಾನು ಮೈಸೂರಿನವಳು. ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ಆಗ ತಾನೇ ಹುಟ್ಟಿದ ಮಕ್ಕಳನ್ನು ನೋಡಿಕೊಳ್ಳೋ ಡಾಕ್ಟರು. ನಮ್ಮನೆಯವರು ಧಾರವಾಡದ ಕಡೆಯವರು, ಮನೇಲೇ ಕೂತು ಕಂಪ್ಯೂಟರ್ ಕೆಲಸ ಮಾಡ್ತಾರೆ. ಸ್ನೋ ಬಿದ್ದರೆ ಅವರಿಗೆ ಹಬ್ಬ. ಕಿಟಕಿ ಪಕ್ಕ ಕುರ್ಚಿ ಎಳಕೊಂಡು, ಚುರುಮುರಿ ತಿಂತಾ, ‘ಎಷ್ಟ್ ಚಂದ ಬೀಳಾಕತ್ತದ ನೋಡು’ ಅಂತಾರೆ. ನನಗೆ ಆ ಭಾಗ್ಯ ಇಲ್ಲ, ಮಕ್ಕಳು ಹವಾಮಾನ ವರದಿ ನೋಡಿಕೊಂಡು ಹುಟ್ಟಲ್ಲ. ಇನ್ನು ನಮ್ಮ ಕಾರು. ಆಲ್ ವೀಲ್ ಡ್ರೈವ್ ಇರೋ ಐಷಾರಾಮಿ ಸೆಡಾನ್. ಓಡಿಸೋಳು ನಾನು, ಭಕ್ತಿ ಮಾತ್ರ ಅವರದು. ಅದರ ಮೇಲೆ ಹಕ್ಕಿ ಹಿಕ್ಕೆ ಹಾಕಿದರೆ ಊಟ ಬಿಟ್ಟು ಎದ್ದು ಹೋಗ್ತಾರೆ.

ನಾಲ್ಕೂ ಗಾಲಿ

ನಮ್ಮನೆ ಇರೋದು ಒಂದು ಇಳಿಜಾರಿನ ಮೇಲ್ತುದೀಲಿ. ಹೋದ ವರ್ಷದ ಚಳಿಗಾಲಕ್ಕೆ ಮುಂಚೆ, ರೀ, ಹಿಮದಲ್ಲಿ ಜಾರದ ಹಾಗೆ ಸ್ನೋ ಟೈರು ಹಾಕಿಸೋಣವಾ ಅಂತ ಕೇಳಿದ್ದೆ. ಅವರು ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅರಮನೆ ಆನೆಗೆ ಊರುಗೋಲು ಕೊಡಿಸೋಣವಾ ಅಂತ ಕೇಳಿದ ಹಾಗಿತ್ತು. ನಾಲ್ಕೂ ಗಾಲಿ ಎಳೆಯೋ ಕಾರಿಗೆ ಅದೆಲ್ಲ ಬೇಕಿಲ್ಲ, ಅದು ಸಣ್ಣ ಕಾರಿನವರ ಚಿಂತೆ ಅಂದುಬಿಟ್ಟರು.

ಮೊದಲನೇ ಸ್ನೋ ದಿನವೇ ನಾನು ಇಳಿಜಾರು ಇಳೀತಾ ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಮದುವೆ ಮೆರವಣಿಗೆ ಥರ ನಿಧಾನವಾಗಿ, ಗಂಭೀರವಾಗಿ ಜಾರಿಕೊಂಡು ಹೋಗಿ, ಸ್ಟಾಪ್ ಸೈನ್ ದಾಟಿ, ತಿರುವಿನ ಮನೆಯವರ ಮೇಲ್‌ಬಾಕ್ಸ್ ಬೀಳಿಸಿ ನಿಂತಿತು. ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. ಇವರು ಮೊಣಕಾಲು ತನಕ ಸ್ನೋ ತುಳಿದುಕೊಂಡು ಬಂದರು. ಮೊದಲು ಬಂಪರ್ ಸವರಿದರು, ಆಮೇಲೆ ನನ್ನ ಕೇಳಿದರು.

“ನಾಲ್ಕೂ ಗಾಲಿ ಜಾರಿದವೇನು?”

“ನಾಲ್ಕೂ ಜಾರಿದವು.”

“ನೋಡು ಮತ್ತ, ಸಿಸ್ಟಮ್ ಬರೋಬ್ಬರಿ ಕೆಲಸ ಮಾಡ್ಯದ.”

ಅವತ್ತು ನಾನು ಡ್ಯೂಟಿಗೆ ತಲುಪಿದ್ದು ಸ್ನೋ ತಳ್ಳೋ ಲಾರೀಲಿ ಕೂತು. ನಮ್ಮ ಚೀಫ್ ಒಳ್ಳೆ ಹೆಂಗಸೇ, ಆದರೆ ನಿಯಮ ಅಂದರೆ ನಿಯಮ. ಇನ್ನು ಮೇಲೆ ಸ್ನೋ ಬರುತ್ತೆ ಅಂದರೆ ನೀನು ಹಿಂದಿನ ದಿನವೇ ಬಂದು ಇಲ್ಲೇ ಮಲಗು ಅಂದರು. ಅಲ್ಲಿ ಡ್ಯೂಟಿ ಡಾಕ್ಟರು ಮಲಗೋ ಮಂಚದ ಬಗ್ಗೆ ನಿಮಗೆ ಗೊತ್ತಿಲ್ಲ. ಆನ್‌ಕಾಲ್ ರೂಮಿನ ಪ್ಲಾಸ್ಟಿಕ್ ಹಾಸಿಗೆ ಅದು. ಮಗ್ಗುಲು ಬದಲಿಸಿದರೆ ಹಪ್ಪಳ ಮುರಿದ ಸದ್ದು ಬರುತ್ತೆ. ಗೋಡೆ ಆಚೆ ಐಸ್ ಮಾಡೋ ಮೆಶೀನು. ಹೋದ ಚಳಿಗಾಲ ಪೂರ್ತಿ ಅದರ ಮೇಲೆ ಬಿದ್ದುಕೊಂಡು ಸೊಂಟ ಹೋಯ್ತು. ಈ ವರ್ಷ ಏನೇ ಆಗಲಿ ಆ ಮಂಚಕ್ಕೆ ಬೆನ್ನು ಕೊಡಲ್ಲ, ಸ್ನೋದಲ್ಲೂ ಮನೆಯಿಂದ ಹೋಗಿ ಮನೆಗೆ ಬಂದು ಮಲಗ್ತೀನಿ ಅಂತ ಶಪಥ ಮಾಡಿದೆ. ಚೀಫು, ಆಯ್ತು, ಸರಿಯಾದ ಟೈರು ಹಾಕಿಸಿಕೊಂಡು ಬಾ, ಆಮೇಲೆ ನೋಡೋಣ ಅಂದರು.

ಅಕ್ಕಿ ಮೂಟೆ

ದೀಪಾವಳಿ ಹತ್ತಿರ ಬಂತು. ಶನಿವಾರ ಇಂಡಿಯನ್ ಅಂಗಡಿಗಳಿರೋ ಐಸೆಲಿನ್‌ಗೆ ದಿನಸಿ ತರೋಕೆ ಹೋದವರು ದೋಸೆ ತಿನ್ನೋಕೆ ಕೂತ್ವಿ. ಪಕ್ಕದ ಟೇಬಲ್ಲಿನಲ್ಲಿ ನಮಗೆ ಗೊತ್ತಿರೋ ಒಬ್ಬ ಅಂಕಲ್ ಇದ್ದರು. ಈ ದೇಶಕ್ಕೆ ಬಂದು ನಮ್ಮ ವಯಸ್ಸಿನಷ್ಟು ವರ್ಷ ಆಗಿದೆ. ಅವರ ಮುಂದೆ ಯಾವ ವಿಷಯ ಎತ್ತಿದರೂ ಉಪನ್ಯಾಸ ಗ್ಯಾರಂಟಿ ಅಂತ ಗೊತ್ತಿದ್ದೂ ಇವರು ಟೈರಿನ ವಿಷಯ ಎತ್ತಿದರು.

ಅಂಕಲ್ ದೋಸೆ ಪಕ್ಕಕ್ಕಿಟ್ಟರು. ಟೈರು ಬದಲಾಯಿಸೋದು ಅಂಗಡಿಯವರು ಮಾಡಿಟ್ಟ ಮೋಸ, ಕಾರಿನ ಹಿಂಭಾಗಕ್ಕೆ ಭಾರ ಬಿದ್ದರೆ ಸಾಕು, ಗಾಲಿ ಜಾರಲ್ಲ, ತಾನು ಇಷ್ಟು ವರ್ಷ ಮರಳಿನ ಚೀಲ ಇಟ್ಟುಕೊಂಡೇ ಓಡಿಸಿದ್ದು ಅಂದರು. ಇವರಿಗೆ ಜ್ಞಾನೋದಯ ಆಯ್ತು. ಕಾರಿನಲ್ಲಿ ಮರಳು ಚೆಲ್ಲಿಬಿಟ್ಟರೆ ಅಂತ ಭಯ ಮಾತ್ರ ಇತ್ತು. ಸೀದಾ ಪಕ್ಕದ ಅಂಗಡಿಗೆ ನುಗ್ಗಿ, ಸೋನಾ ಮಸೂರಿ ಮೂಟೆಗಳನ್ನು ಹೊರಿಸಿಕೊಂಡು ಬಂದು ಡಿಕ್ಕಿ ತುಂಬಿಸಿದರು. ಭಾರವೂ ಆಯ್ತು, ವರ್ಷದ ಅಕ್ಕಿಯೂ ಆಯ್ತು ಅಂತ ಅವರ ಖುಷಿ.

ಅದೇ ವಾರ ಅತ್ತೆ ಊರಿಂದ ಬಂದರು, ವಿಸಿಟರ್ ವೀಸಾದ ಮೇಲೆ. ಮಾರನೇ ದಿನ ನಾನು ಡ್ಯೂಟೀಲಿದ್ದಾಗ ಫೋನ್ ಮಾಡಿ, ಅಡುಗೆಮನೇಲಿ ಅಕ್ಕಿ ಮುಗಿದಿದೆ, ಎಲ್ಲಿಟ್ಟಿದ್ದೀ ಅಂತ ಕೇಳಿದರು. ಅಕ್ಕಿ ನನ್ನ ಜೊತೆ ಆಸ್ಪತ್ರೆ ಪಾರ್ಕಿಂಗ್‌ನಲ್ಲಿದೆ ಅಂತ ಹೇಗೆ ಹೇಳಲಿ? ಅವತ್ತಿನಿಂದ ದಿನಾ ಸಂಜೆ ಕೋಟು ಹಾಕಿಕೊಂಡು, ಪಾತ್ರೆ ಹಿಡಕೊಂಡು, ಡ್ರೈವ್‌ವೇನಲ್ಲಿ ನಿಂತು ಡಿಕ್ಕಿಯಿಂದ ಅಕ್ಕಿ ಅಳೆದು ತರೋದು ನನ್ನ ಪಾಲಿಗೆ ಬಂತು. ಅತ್ತೆ ಬಂದ ಮೇಲೆ ನೋಡೋಕೆ ಬರೋರು, ಊಟಕ್ಕೆ ನಿಲ್ಲೋರು ಬೇರೆ ಜಾಸ್ತಿ ಆದರು. ಥ್ಯಾಂಕ್ಸ್‌ಗಿವಿಂಗ್ ಬರೋ ಹೊತ್ತಿಗೆ ಮೂಟೆಗಳೆಲ್ಲ ಸೊರಗಿ ನಿಂತಿದ್ದವು. ನಾನು ಇವರಿಗೆ ಖಡಾಖಂಡಿತ ಹೇಳಿದೆ: ಸ್ನೋ ಬೀಳೋ ಮೊದಲೇ ಬಿಸಿಬೇಳೆಬಾತ್ ಮಾಡಿಕೊಂಡು ನನ್ನ ಪ್ರಾಣರಕ್ಷಣೆ ತಿಂದು ಮುಗಿಸಿದ್ದೀರಿ, ಇನ್ನಾದರೂ ಟೈರು ಕೊಳ್ಳಿ.

ಬಳೆ ಏರಿಸಿದ್ದು

ಕೊನೆಗೂ ಒಪ್ಪಿದರು. ಒಪ್ಪಿದ ಮೇಲೆ ಇನ್ನೊಂದು ರಗಳೆ. ವರ್ಷಕ್ಕೆ ಎರಡು ಸಲ ಚಕ್ರದಿಂದ ಟೈರು ಬಿಚ್ಚಿ ಹಾಕೋ ತಾಪತ್ರಯ ಬೇಡ ಅಂದರೆ ಟೈರಿನ ಜೊತೆ ಚಳಿಗಾಲಕ್ಕೇ ಅಂತ ಬೇರೆ ಚಕ್ರವೂ ಬೇಕು. ಚಕ್ರ ಒಂದು ಸೈಜು ಚಿಕ್ಕದಾಗಿ, ಟೈರು ದಪ್ಪಗಿದ್ದರೆ ಗುಂಡಿಗೆ ಬಿದ್ದರೂ ತಡಕೊಳ್ಳುತ್ತೆ. ಇದು ಎಲ್ಲರಿಗೂ ಗೊತ್ತಿರೋ ವಿಷಯ. ಇವರಿಗೆ ಮಾತ್ರ ಚಿಕ್ಕ ಚಕ್ರ ಅಂದರೆ ಮಾನ ಹೋದ ಹಾಗೆ. ಹೆಣ್ಣು ನೋಡೋಕೆ ಬಂದಾಗ ನನ್ನ ಎದುರು ಐದು ನಿಮಿಷ ಕೂತು ಉಪ್ಪಿಟ್ಟು ತಿಂದು ಒಪ್ಪಿಕೊಂಡು ಹೋದ ಮನುಷ್ಯ, ಚಕ್ರದ ಫೋಟೋಗಳನ್ನು ವಾರಗಟ್ಟಲೆ ನೋಡಿದರು. ಕಪ್ಪೋ ಬೆಳ್ಳಿ ಬಣ್ಣವೋ, ಕಡ್ಡಿ ತೆಳ್ಳಗಿರಬೇಕೋ ದಪ್ಪಗೋ, ಅದೇ ಧ್ಯಾನ. ನಮ್ಮ ಮಗಳು ಹೈಸ್ಕೂಲಿನಲ್ಲಿದ್ದಾಳೆ. ಅವಳನ್ನು ಕೇಳಿದ್ದಕ್ಕೆ, “ಡ್ಯಾಡ್, ದೇ ಆರ್ ರೌಂಡ್,” ಅಂದು ಎದ್ದು ಹೋದಳು.

ಕೊನೆಗೆ ಕ್ರ್ಯಾನ್‌ಬರಿ ಅನ್ನೋ ಊರಿನ ಗೋದಾಮುಗಳ ಹತ್ತಿರ ಯಾರೋ ಒಬ್ಬ ತನ್ನ ಹಳೇ ಚಕ್ರ, ಚಳಿಗಾಲದ ಟೈರು ಸಮೇತ ಮಾರ್ತಿದ್ದಾನೆ ಅಂತ ಆನ್‌ಲೈನ್‌ನಲ್ಲಿ ಸಿಕ್ಕಿತು. ಇವರು ಹೋಗಿ ನೋಡಿ, ಅದರ ಅಂದಕ್ಕೆ ಮನಸೋತು, ಸೈಜೂ ಮರೆತು ತಂದರು. ಅಲ್ಲಿ ಅಳತೆ ಕೇಳಿದಿರಾ ಅಂತ ನಾನು ಕೇಳಿದರೆ, ಬೋಲ್ಟಿನ ತೂತು ಎಣಿಸಿದ್ದೀನಿ, ಐದಕ್ಕೆ ಐದು ಸರಿ ಇದೆ ಅಂದರು. ಗಂಡು ಹೆಣ್ಣು ಇಬ್ಬರಿಗೂ ಎರಡೆರಡು ಕಣ್ಣಿದೆ, ಜಾತಕ ಕೂಡಿತು ಅಂದ ಹಾಗಿತ್ತು.

ಭಾನುವಾರ ತಾವೇ ಜ್ಯಾಕ್ ಹಾಕಿ ಕಾರು ಎತ್ತಿ, ಹಳೇ ಚಕ್ರ ಬಿಚ್ಚಿ, ಹೊಸಾದು ಏರಿಸೋಕೆ ನಿಂತರು. ಏರಲಿಲ್ಲ. ನಮ್ಮ ಕಾರಿನ ಬ್ರೇಕ್ ದೊಡ್ಡದು, ತಂದ ಚಕ್ರ ಚಿಕ್ಕದು, ಒಳಗೆ ಜಾಗವೇ ಇಲ್ಲ. ತಿರುಗಿಸಿದರು, ಒದ್ದರು, ಹಣೆ ಬೆವರು ಒರೆಸಿಕೊಂಡರು. ಅತ್ತೆ ಗ್ಯಾರೇಜಿನ ಬಾಗಿಲಲ್ಲಿ ಶಾಲು ಹೊದ್ದು ಎಲ್ಲಾ ನೋಡ್ತಾ ನಿಂತಿದ್ದರು.

“ಬಳಿ ಏರಲಿಲ್ಲಂದ್ರ ಹಂಗ ತುರುಕಬಾರದೋ, ಒಂಚೂರು ಸಾಬೂನು ಹಚ್ಚಬೇಕು.”

ನನಗೆ ನಗು ತಡೆಯೋಕಾಗಲಿಲ್ಲ. ಆದರೆ ಇವರು ನಗಲಿಲ್ಲ. ಸಾಬೂನು ತರೋಕೆ ಎದ್ದು ಬಾತ್‌ರೂಮಿನ ಕಡೆ ಹೊರಟಾಗ ನಾನು ಅಡ್ಡ ನಿಂತು ಅವರ ಕೈಲಿದ್ದ ಸ್ಪ್ಯಾನರ್ ಕಿತ್ತುಕೊಂಡೆ.

ಧನುರ್ಮಾಸ

ಈ ಸಲ ಸರಿಯಾದ ಅಳತೆ ಕೊಟ್ಟು, ಚಕ್ರಕ್ಕೆ ಟೈರು ಕೂಡಿಸಿಯೇ ಕಳಿಸೋ ಕಡೆಯಿಂದ ನಾನೇ ತರಿಸಿದೆ. ಇವರನ್ನು ಜ್ಯಾಕಿನ ಹತ್ತಿರ ಬಿಡೋ ಮಾತೇ ಇರಲಿಲ್ಲ, ಹಾಗಾಗಿ ಅಂಗಡಿಯಲ್ಲಿ ಹಾಕಿಸೋಕೆ ಅಪಾಯಿಂಟ್‌ಮೆಂಟ್ ತಗೊಂಡೆ. ಸ್ನೋ ಬರುತ್ತೆ ಅಂತ ಟೀವಿಯವರು ಹೇಳಿದ್ದೇ ತಡ, ಇಡೀ ಊರು ಟೈರು ಅಂಗಡಿ ಮುಂದೆ ನಿಂತಿತ್ತು. ನಮಗೆ ಸಿಕ್ಕಿದ್ದು ಮುಂದಿನ ವಾರ. ಸದ್ಯ, ಸಿಕ್ಕಿತಲ್ಲ ಅಂದುಕೊಂಡೆ.

ಅತ್ತೆ ಕ್ಯಾಲೆಂಡರ್ ನೋಡಿ ತಲೆ ಆಡಿಸಿದರು. ನಾಳೆಯಿಂದಲೇ ಧನುರ್ಮಾಸ ಶುರು. ಸಂಕ್ರಾಂತಿ ತನಕ ಹೊಸ ವಾಹನ, ಹೊಸ ಕೆಲಸ ಯಾವುದೂ ಇಲ್ಲ. ಬೆಳಗ್ಗೆ ಎದ್ದು ಹುಗ್ಗಿ ಮಾಡಬಹುದು, ಗಾಲಿ ಹಾಕೋ ಹಾಗಿಲ್ಲ. ವಾಹನ ಹಳೇದೇ ಅಲ್ವಾ ಅತ್ತೆ ಅಂತ ಕೇಳಿದೆ. ವಾಹನ ಹಳೇದು, ಗಾಲಿ ಹೊಸದು, ಓಡೋದು ಗಾಲಿ ಅಂದರು. ನಾನು ನಮ್ಮನೆಯವರ ಕಡೆ ನೋಡಿದೆ. ಎಂಜಿನಿಯರಿಂಗ್ ಓದಿದ ಮನುಷ್ಯ ಫೋನಿನಲ್ಲಿ ಮುಖ ಹುದುಗಿಸಿಕೊಂಡರು. ನನಗೆ ಅಳು ಬರೋದೊಂದು ಬಾಕಿ. ಸಂಕ್ರಾಂತಿ ತನಕ ಆ ಪ್ಲಾಸ್ಟಿಕ್ ಹಾಸಿಗೆ ಮೇಲೆ ಮಲಗೋಕೆ ಆಗಲ್ಲ ಅತ್ತೆ, ನನ್ನ ಸೊಂಟ ಹೋಗಿದೆ ಅಂತ ಬಾಯಿಬಿಟ್ಟು ಹೇಳಿದೆ.

ಅತ್ತೆ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ತಾವೇ ದಾರಿ ತೆಗೆದರು. ಹೊಸದನ್ನು ತಾನೇ ಹಾಕಬಾರದು? ಇವತ್ತೇ ಪೂಜೆ ಮಾಡಿ, ಗಾಲಿಗಳನ್ನು ಒಂದು ಸಲ ನೆಲದ ಮೇಲೆ ಉರುಳಿಸಿಬಿಟ್ಟರೆ ಬಳಕೆ ಆದ ಹಾಗೆ, ಅಂದರೆ ಹಳೇವು. ನಾಳೆಯಿಂದ ಯಾವಾಗ ಬೇಕಾದರೂ ಹಾಕಿಸಿಕೊಳ್ಳಿ ಅಂದರು. ದೊಡ್ಡ ಲಾಯರುಗಳಿಗೂ ಹೊಳೆಯದ ಪಾಯಿಂಟು.

ಡ್ರೈವ್‌ವೇನಲ್ಲಿ ನಾಲ್ಕನ್ನೂ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಒಂದೊಂದಕ್ಕೂ ಸೇವಂತಿಗೆ ಮಾಲೆ ಹಾಕಿ, ಕಾಯಿ ಒಡೆದು, ಕೆಳಗೆ ಲಿಂಬೆಹಣ್ಣು ಇಟ್ಟಿದ್ದಾಯ್ತು. ಇವರು ಮೊದಲನೇ ಗಾಲಿ ಹಿಡಿದು ಮೆಲ್ಲಗೆ ಉರುಳಿಸಿದರು. ಲಿಂಬೆಹಣ್ಣು ಪಚಕ್ ಅಂತು. ಅತ್ತೆ ಕೈಮುಗಿದರು. ಇವರೂ ಅಭ್ಯಾಸ ಬಲದಿಂದ ಗಾಲಿ ಬಿಟ್ಟು ಕೈಮುಗಿದರು.

ನಮ್ಮದು ಇಳಿಜಾರು ಅಂತ ಹೇಳಿದ್ದೀನಲ್ಲ. ಗಾಲಿ ಡ್ರೈವ್‌ವೇ ಇಳಿದು ರಸ್ತೆ ಸೇರಿ, ಮಾಲೆ ಸಮೇತ ಓಟ ಕಿತ್ತಿತು. ಇವರು ಹಿಂದೆ, ಪಂಚೆ ಎತ್ತಿಕೊಂಡು. ನಾಯಿ ಕರಕೊಂಡು ಹೊರಟಿದ್ದ ಎದುರುಮನೆ ಮುದುಕ ನಾಯಿಯನ್ನು ಎತ್ತಿಕೊಂಡು ಬೇಲಿ ಪಕ್ಕ ಸರಿದ. ಗಾಲಿ ಇಳಿಜಾರಿನ ಬುಡದ ತನಕ ಹೋಗಿ, ಸ್ಟಾಪ್ ಸೈನಿನ ಕಂಬಕ್ಕೆ ತಾಗಿ, ಎರಡು ಸುತ್ತು ಸುತ್ತಿ ಮಲಗಿಕೊಂಡಿತು. ಇಡೀ ಕಾರು ಸೇರಿ ಹೋದ ವರ್ಷ ನಿಲ್ಲದ ಜಾಗದಲ್ಲಿ ಒಂದೇ ಗಾಲಿ ನಿಂತಿತು ನೋಡಿ. ಅತ್ತೆ, ಇದು ಪೂರ್ತಿ ಹಳೇದಾಯ್ತು, ಉಳಿದ ಮೂರನ್ನು ಹುಷಾರಾಗಿ ಹಳೇದು ಮಾಡ್ರಿ ಅಂದರು.

ಸ್ನೋ ಬಿತ್ತು

ಟೈರು ಹಾಕಿಸಿ ಎರಡು ದಿನಕ್ಕೆ ಆಕಾಶ ಹರಿದು ಬಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ರಸ್ತೆಯೂ ಇಲ್ಲ, ಹುಲ್ಲೂ ಇಲ್ಲ, ಎಲ್ಲಾ ಬಿಳಿ. ಹಿಂದಿನ ದಿನವೇ ಚೀಫ್ ಫೋನ್ ಮಾಡಿ, ಬಂದು ಮಲಗ್ತೀಯಾ ಅಂತ ಕೇಳಿದ್ದರು. ಬೇಡ, ಟೈರು ಹಾಕಿಸಿದ್ದೀನಿ, ಬೆಳಗ್ಗೆ ಬಂದು ಸಂಜೆ ಮನೆಗೆ ಹೋಗ್ತೀನಿ ಅಂತ ಜಂಬವಾಗಿ ಹೇಳಿದ್ದೆ.

ಇವರು ಮುಂಬಾಗಿಲಲ್ಲಿ, ಅತ್ತೆ ಕಿಟಕಿಯಲ್ಲಿ. ನಾನು ದೇವರನ್ನು ನೆನೆದು ಇಳಿಜಾರಿಗೆ ಕಾರು ಬಿಟ್ಟೆ, ನಡುವೆ ಬೇಕಂತಲೇ ಬ್ರೇಕ್ ಒತ್ತಿದೆ. ನಿಂತಿತು! ಇನ್ನೊಂದು ಸಲ ಒತ್ತಿದೆ, ಮತ್ತೆ ನಿಂತಿತು. ಒಬ್ಬಳೇ ಕೂತು ಜೋರಾಗಿ ನಕ್ಕುಬಿಟ್ಟೆ. ಹೈವೇನಲ್ಲಿ ಎಂಥೆಂಥಾ ದೊಡ್ಡ ಕಾರುಗಳು ಪಕ್ಕದ ದಿಬ್ಬಕ್ಕೆ ಮುಖ ಹಾಕಿ ನಿಂತಿದ್ದವು. ಪಾಪ ಅನ್ನಿಸಿತು, ಸುಳ್ಳು ಹೇಳಲ್ಲ, ಸ್ವಲ್ಪ ಖುಷಿಯೂ ಆಯ್ತು. ಸರಿಯಾದ ಹೊತ್ತಿಗೆ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ, ಬಾನೆಟ್ ತಟ್ಟಿ, ರಾಣಿ ಥರ ಒಳಗೆ ಹೋದೆ.

ನನ್ನ ನೋಡಿ ನರ್ಸುಗಳು ಚಪ್ಪಾಳೆ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಚೀಫಿನ ಫೋನು ಬಂತು. ಅವರ ಕಾರು ಮನೆ ಮುಂದೆಯೇ ಹೂತಿದೆ. ಸಂಜೆ ಬರಬೇಕಾದ ಡಾಕ್ಟರು ಬೇಗನೇ ಹೊರಟು ಸೇತುವೆ ಹತ್ತಿರ ಸಿಕ್ಕಿಕೊಂಡು ವಾಪಸ್ ಹೋದರಂತೆ. ನಾಳೆಯವರಿಗೆ ಗ್ಯಾರೇಜ್ ಬಾಗಿಲೇ ತೆರೀತಿಲ್ಲವಂತೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಒಳಗೆ ಬಂದು ಮುಟ್ಟಿದವಳು ನಾನೊಬ್ಬಳೇ. ಪುಣ್ಯಕ್ಕೆ ನೀನು ಆ ಟೈರು ಹಾಕಿಸಿಕೊಂಡೆ, ಇಲ್ಲದಿದ್ದರೆ ಮಕ್ಕಳ ಗತಿ ಏನಾಗ್ತಿತ್ತು ಅಂತ ಬಾಯ್ತುಂಬಾ ಹೊಗಳಿದರು. ಇವತ್ತೂ ನಾಳೆಯೂ ನೀನೇ ನೋಡಿಕೋ, ಆನ್‌ಕಾಲ್ ರೂಮು ರೆಡಿ ಮಾಡಿಸಿದ್ದೀನಿ ಅಂದು ಫೋನಿಟ್ಟರು.

ನಾನು ಮನೆಗೆ ಫೋನ್ ಮಾಡಿದೆ. ರೀ, ನಾನು ಇವತ್ತು ಬರಲ್ಲ, ನಾಳೆಯೂ ಬರಲ್ಲ, ನನ್ನೊಬ್ಬಳನ್ನು ಬಿಟ್ಟು ಇನ್ಯಾರ ಕಾರೂ ಇಲ್ಲಿ ತನಕ ಬರೋಕಾಗಿಲ್ಲ, ಅದೇ ಮಂಚದ ಮೇಲೆ ಮಲಗಬೇಕು ಅಂತ ಒಂದೇ ಉಸಿರಿಗೆ ಹೇಳಿದೆ. ಆ ಕಡೆ ಚುರುಮುರಿ ಅಗಿಯೋ ಸದ್ದು ನಿಂತಿತು. ನಮ್ಮನೆಯವರು ಎಲ್ಲಾ ಪೂರ್ತಿ ಕೇಳಿಸಿಕೊಂಡು, ತುಂಬಾ ಸಮಾಧಾನದ ದನಿಯಲ್ಲಿ ಹೇಳಿದರು.

“ಹಂಗಾದ್ರ ಟಾಯರ್ ಚಲೋ ಅದಾವ ಅಂತಾಯ್ತು.”